ದೊಡ್ಡ ಬಿಟ್ಟಿಗೆ ಕೈ ಹಾಕುವ ಮುಂಚೆ

ಹಾಸನಕ್ಕೆ ಹೋಗಿ ನಿನ್ನ ಸಿಎನ್‌ಸಿ ಕೆತ್ತನೆ ಮೆಷಿನ್ನಿಗೆ 50 ಮಿ.ಮೀ. ಬಿಟ್ ತರ್ತೀನಿ ಅಂತ ಹೊರಟು ನಿಂತಿದ್ದೀಯಂತೆ. ಸ್ವಲ್ಪ ಕೂತ್ಕೋ ಮಗಾ, ಹಳೇಬೀಡಿಂದ ಹಾಸನಕ್ಕೆ ಇನ್ನೂ ಬಸ್ಸಿದೆ.

ನಿನ್ನ ಕೈ ಚೆನ್ನಾಗಿದೆ. ಬಾಗಿಲಿನ ಮೇಲೆ ನೀನು ತೆಗೆಯೋ ಬಳ್ಳಿ ನೋಡಿ ಬೇಲೂರಿನವರೂ ಕೆಲಸ ಕೊಡ್ತಿದ್ದಾರೆ. ತಾಳ್ಮೆ ಒಂದು ಬಂದ್ಬಿಟ್ರೆ ನಿನ್ನ ಹಿಡಿಯೋರಿಲ್ಲ. 6 ಮಿ.ಮೀ. ಬಿಟ್ಟಲ್ಲಿ ಹಲಗೆ ಮಟ್ಟ ಮಾಡಿ ಬೇಸತ್ತಿದ್ದೀಯ, ಅದು ನನಗೆ ಅರ್ಥವಾಗುತ್ತೆ. ಲೆಕ್ಕ ಹಾಕು. ಹಲಗೆ 2100 ಮಿ.ಮೀ. ಉದ್ದ, 900 ಅಗಲ. ಪ್ರತಿ ಸಲ ಬಿಟ್ಟಿನ ಅರ್ಧದಷ್ಟು ಸರಿಸಿದರೆ 300 ಗೆರೆ ಓಡಬೇಕು. ನಿಮಿಷಕ್ಕೆ 5 ಮೀಟರಿನಂತೆ ಎರಡು ಗಂಟೆಗೂ ಮೇಲೆ! ಅದೇ 25ರ ಬಿಟ್ಟಿಗೆ 72 ಗೆರೆ, ಅರ್ಧ ಗಂಟೆ. 50ರದ್ದಕ್ಕೆ ಕಾಲು ಗಂಟೆ. ಈಗ ನೋಡು, 6ರಿಂದ 25ಕ್ಕೆ ಹೋದರೆ ಒಂದೂವರೆ ಗಂಟೆ ಮಿಗುತ್ತೆ, 25ರಿಂದ 50ಕ್ಕೆ ಹಾರಿದರೆ ಮಿಗೋದು ಹದಿನೈದೇ ನಿಮಿಷ. ಆ ಹದಿನೈದು ನಿಮಿಷಕ್ಕೆ ನಿನ್ನ ಮೆಷಿನ್ನು ಏನೇನು ತೆರಬೇಕು ಅಂತ ಯೋಚಿಸಿದ್ದೀಯಾ?

ತೋಪಡ ಹೊಡೆದವನಿಗೆ ಇದು ಗೊತ್ತು. ಅಲಗು ಅಗಲವಾದಷ್ಟೂ ರಟ್ಟೆಯಲ್ಲಿ ಬಲ ಬೇಕು. ಬಿಟ್ಟನ್ನ ತಿರುಗಿಸೋ ನಿನ್ನ ಸ್ಪಿಂಡಲ್ಲಿನ ಮೇಲೆ 2.2 ಕಿಲೋವ್ಯಾಟ್ ಅಂತ ಬರೆದಿದೆ, ಸರಿ. ಅದು ನಿಮಿಷಕ್ಕೆ 24,000 ಸುತ್ತಿನಲ್ಲಿ ಸಿಗೋ ಬಲ. ದೊಡ್ಡ ಬಿಟ್ಟನ್ನ ಆ ವೇಗದಲ್ಲಿ ತಿರುಗಿಸೋ ಹಾಗಿಲ್ಲ. 12,000ಕ್ಕೆ ಇಳಿಸಿದೆಯೋ, ಬಲವೂ ಹೆಚ್ಚುಕಡಿಮೆ ಅರ್ಧಕ್ಕಿಳೀತು. ಬಿಟ್ಟಿನ ಕಡ್ಡಿ ಹಿಡಿಯೋ ಕಾಲೆಟ್ಟನ್ನೂ ನೋಡ್ಕೋ. ಇಆರ್-11 ಆದರೆ 7 ಮಿ.ಮೀ.ಗಿಂತ ದಪ್ಪದ ಕಡ್ಡಿ ಅದರೊಳಗೆ ಹೋಗೋದೇ ಇಲ್ಲ, 50ರ ಬಿಟ್ಟುಗಳಿಗೋ ಸಾಮಾನ್ಯವಾಗಿ 12ರ ಕಡ್ಡಿ.

ಎಲ್ಲಕ್ಕಿಂತ ದೊಡ್ಡದು ಸ್ಪಿಂಡಲ್ಲಿನ ವಾಲು. 100 ಮಿ.ಮೀ. ಅಗಲಕ್ಕೆ 0.1 ಮಿ.ಮೀ. ವಾಲಿದ್ದರೆ 6ರ ಬಿಟ್ಟು ಅದನ್ನ ಬಚ್ಚಿಡುತ್ತೆ. 50ರದ್ದು ಒಂದು ಅಂಚಲ್ಲಿ 0.05 ಹೆಚ್ಚು ಅಗೆದು, ಹಲಗೆ ಉದ್ದಕ್ಕೂ ಉಗುರಿಗೆ ತಗಲೋ ಮೆಟ್ಟಿಲು ಬಿಟ್ಟು ಹೋಗುತ್ತೆ. ಆಮೇಲೆ ನೀನು ಬಿಟ್ಟು ಮಾರಿದವನನ್ನ ಬಯ್ತೀಯ, ಪಾಪ. ಕರೆಂಟು ತೆಗೆದು, ಸ್ಪಿಂಡಲ್ಲಿಗೆ ಡಯಲ್ ಗೇಜ್ ಕಟ್ಟಿ, ಕೈಯಲ್ಲೇ ಒಂದು ಸುತ್ತು ತಿರುಗಿಸಿ ನೋಡು. ಮುಳ್ಳು ಅಲ್ಲಾಡದ ಹಾಗೆ ಸರಿ ಮಾಡಿಕೊಂಡ ಮೇಲೆ ಬಿಟ್ಟಿನ ಮಾತು.

ನುಣುಪು ಬರಲಿ ಅಂತ ದೊಡ್ಡದು ಬೇಕು ಅಂತೀಯಾ? ಪಕ್ಕದ ಬಸದಿಹಳ್ಳಿಗೆ ಒಂದು ಸಲ ಹೋಗಿ ಬಾ. 1133ರಲ್ಲಿ ಬೊಪ್ಪ ಅನ್ನೋನು ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳಲ್ಲಿ ಇವತ್ತಿಗೂ ಮುಖ ಕಾಣುತ್ತೆ. ಕಲ್ಲನ್ನ ತಿರುಗಿಸಿ ಕಡೆದವರು ಅಲ್ಲಿಗೇ ಬಿಡಲಿಲ್ಲ, ಉಜ್ಜಿದರು. ನಿನ್ನ ಹಲಗೆಗೂ ಕೊನೆಗೆ ಉಪ್ಪುಕಾಗದ ಹಾಕಲೇಬೇಕು, ಬಿಟ್ಟು ಎಷ್ಟೇ ಅಗಲವಿರಲಿ.

ಈಗ 25ರದ್ದು ತಗೊಂಡು ಬಾ. ಒಂದೊಂದು ಸಲಕ್ಕೆ ಅರ್ಧ ಮಿ.ಮೀ. ಮಾತ್ರ ಇಳಿಸು. ಬಿಟ್ಟಿನ ಮೇಲೆ ಬರೆದಿರೋ ವೇಗ ಮೀರಬೇಡ. 50ರ ಬಿಟ್ಟನ್ನ 18,000 ಸುತ್ತಿನಲ್ಲಿ ತಿರುಗಿಸಿದರೆ ಅದರ ಅಂಚು ಗಂಟೆಗೆ 170 ಕಿ.ಮೀ. ಓಡುತ್ತೆ, ಆ ಹೊತ್ತಲ್ಲಿ ಅಡ್ಡ ಸಿಕ್ಕ ಸ್ಕ್ರೂ ಎಲ್ಲಿಗೆ ಹಾರೀತು ಅಂತ ಯಾರೂ ಹೇಳೋಕಾಗಲ್ಲ. 25ರದ್ದಕ್ಕೂ ಅಷ್ಟೇ, ಹಲಗೆ ಹಿಡಿದಿರೋ ಸ್ಕ್ರೂ ತಲೆಗಳನ್ನೆಲ್ಲ ಕೈಯಾಡಿಸಿ ನೋಡಿ, ಕನ್ನಡಕ ಹಾಕಿಕೊಂಡು, ಆಮೇಲೆ ಸ್ವಿಚ್ ಒತ್ತು.