ಹಲಸಿನ ಚೇಗು ಮತ್ತು ಚರ್ಮದ ಬಣ್ಣ

ಬಾಳೆದಿಂಡನ್ನು ಹೆಚ್ಚಿದೊಡನೆ ನಮ್ಮ ಮನೆಗಳಲ್ಲಿ ಅದನ್ನು ಮಜ್ಜಿಗೆ ಬೆರೆಸಿದ ನೀರಿಗೆ ಹಾಕುತ್ತಾರೆ. ಹಾಗೆ ಮಾಡದಿದ್ದರೆ ಅದು ಬಹುಬೇಗ ಕಪ್ಪಾಗುತ್ತದೆ. ಬದನೆಕಾಯಿಯ ಹೋಳಿನದೂ ಇದೇ ಕಥೆ. ಕೊಯ್ದಾಗ ಜೀವಕೋಶಗಳು ಒಡೆದು, ಅವುಗಳಲ್ಲಿರುವ ತಾಮ್ರಯುಕ್ತ ಕಿಣ್ವವೊಂದು ಗಾಳಿಯ ಆಮ್ಲಜನಕದ ನೆರವಿನಿಂದ ಕಂದುಬಣ್ಣವನ್ನು ಉಂಟುಮಾಡುತ್ತದೆ. ಮಜ್ಜಿಗೆಯ ಹುಳಿ ಆ ಕಿಣ್ವದ ಕೆಲಸವನ್ನು ತಗ್ಗಿಸುತ್ತದೆ.

ಈ ಕಿಣ್ವದ ಬಂಧುವೊಂದು ನಮ್ಮ ಚರ್ಮದಲ್ಲಿಯೂ ಉಂಟು. ಅದರ ಹೆಸರು ಟೈರೋಸಿನೇಸ್. ಹೊರಚರ್ಮದ ತಳದಲ್ಲಿರುವ ವರ್ಣಕೋಶಗಳಲ್ಲಿ ಅದು ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಮಾರ್ಪಡಿಸಿ, ಮೆಲನಿನ್ ಎಂಬ ವರ್ಣದ್ರವ್ಯದ ನಿರ್ಮಾಣಕ್ಕೆ ನಾಂದಿ ಹಾಡುತ್ತದೆ. ಕಪ್ಪಗಿರುವವರಲ್ಲಿಯೂ ಬೆಳ್ಳಗಿರುವವರಲ್ಲಿಯೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಅವು ತಯಾರಿಸುವ ಮೆಲನಿನ್ನಿನ ಪ್ರಮಾಣ ಮತ್ತು ಬಗೆಗಳಲ್ಲಿ ಮಾತ್ರ ವ್ಯತ್ಯಾಸ. ಹೆಣ್ಣು ನೋಡಲು ಬಂದವರು ಅಳೆಯುವುದು ಈ ವ್ಯತ್ಯಾಸವನ್ನೇ!

ಬೇಸಿಗೆಯಲ್ಲಿ ಉತ್ತರಹಳ್ಳಿಯ ರಸ್ತೆಬದಿಯಲ್ಲಿ ಹಲಸಿನ ತೊಳೆ ಕೊಳ್ಳುವವರು ಆ ಮರದ ಚೇಗನ್ನು ಕಂಡಿರುವುದು ವಿರಳ. ಕಾಂಡದ ನಡುವಣ ಈ ಗಟ್ಟಿಭಾಗ ಹಳದಿಯಾಗಿರುತ್ತದೆ. ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರದ ಕುಶಲಕರ್ಮಿಗಳು ಹಲಸಿನ ಮರದಿಂದ ವೀಣೆಗಳನ್ನು ಮಾಡುತ್ತಾರೆ. ಬೌದ್ಧ ಭಿಕ್ಷುಗಳ ವಸ್ತ್ರಗಳಿಗೆ ಬಣ್ಣ ಕಟ್ಟಲು ಇದೇ ಚೇಗು ಒದಗುತ್ತಿತ್ತು. ಹಳದಿಗೆ ಕಾರಣ ಮೊರಿನ್ ಮೊದಲಾದ ಫ್ಲೇವನಾಯ್ಡುಗಳೆಂಬ ಸಸ್ಯದ್ರವ್ಯಗಳು. ಅವುಗಳ ಗುಂಪಿಗೆ ಸೇರಿದ ಆರ್ಟೊಕಾರ್ಪನೋನ್ ಸಹ ಹಲಸಿನ ಮರದಲ್ಲಿದೆ. ಪ್ರಯೋಗಶಾಲೆಯಲ್ಲಿ ಅದು ಅಣಬೆಯಿಂದ ತೆಗೆದ ಟೈರೋಸಿನೇಸನ್ನು ತಡೆಯಿತು; ಇಲಿಯ ವರ್ಣಕೋಶಗಳಲ್ಲಿ ಮೆಲನಿನ್ನನ್ನು ತಗ್ಗಿಸಿತು. ಕೆಲವು ಫ್ಲೇವನಾಯ್ಡುಗಳು ಕಿಣ್ವದ ತಾಮ್ರವನ್ನೇ ಹಿಡಿದುಕೊಳ್ಳುತ್ತವೆ. ಮತ್ತೆ ಕೆಲವು ಟೈರೋಸಿನ್ ಸೇರಬೇಕಾದ ಸ್ಥಾನವನ್ನು ಆಕ್ರಮಿಸುತ್ತವೆ.

ಆದರೆ ಗಾಜಿನ ತಟ್ಟೆಯ ಕೋಶ ಬೇರೆ, ಮನುಷ್ಯನ ಮುಖ ಬೇರೆ. ಚರ್ಮದ ಮೇಲ್ಪದರವು ಪರವಸ್ತುಗಳನ್ನು ಸುಲಭವಾಗಿ ಒಳಗೆ ಬಿಡದು. ಸಿಕ್ಕ ಸೊಪ್ಪು, ಚಕ್ಕೆಗಳನ್ನು ಅರೆದು ಹಚ್ಚಿ ಉರಿಯೂತವಾದರೆ, ಅದು ಮಾಯುವಾಗ ಕಪ್ಪುಕಲೆಯೇ ಉಳಿಯಬಹುದು. ಪಾದರಸವೂ ಟೈರೋಸಿನೇಸನ್ನು ತಡೆಯುತ್ತದೆ; ಆದರೆ ಅದು ಚರ್ಮದ ಮೂಲಕ ರಕ್ತವನ್ನು ಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ. 2013ರ ಮಿನಮಾಟಾ ಒಪ್ಪಂದವು ಪಾದರಸ ಬೆರೆತ ಲೇಪಗಳನ್ನು ನಿರ್ಬಂಧಿಸಿದ್ದರೂ, ತಯಾರಕರ ವಿಳಾಸವಿಲ್ಲದ ಡಬ್ಬಿಗಳಲ್ಲಿ ಅದು ಪತ್ತೆಯಾಗುತ್ತಲೇ ಇದೆ.

ಇಷ್ಟೆಲ್ಲ ಪಾಡುಪಟ್ಟು ಅಳಿಸಹೊರಟ ಮೆಲನಿನ್ ಮಾಡುವ ಕೆಲಸವಾದರೂ ಏನು? ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದ ಸಮೀಪದಲ್ಲಿದೆ. ಏಪ್ರಿಲ್ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಒಂದೊಂದು ದಿನ ಸೂರ್ಯನು ಇಲ್ಲಿ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಅಂತಹ ಬಿಸಿಲಿನ ಅತಿನೇರಳೆ ಕಿರಣಗಳು ಜೀವಕೋಶಗಳ ಡಿ.ಎನ್.ಎ.ಯನ್ನು ಘಾಸಿಗೊಳಿಸಬಲ್ಲವು. ಆಗ ಮೆಲನಿನ್ನಿನ ಕಣಗಳು ಚರ್ಮದ ಕೋಶಗಳೊಳಗೆ, ಕೋಶಕೇಂದ್ರದ ಮೇಲೆ, ಸೂರ್ಯನ ಕಡೆಗೆ ಕೊಡೆ ಹಿಡಿದಂತೆ ಕವಿದು ನಿಂತಿರುತ್ತವೆ.