ನೀರಿನ ಮೇಲಿನ ಮನೆವಾರ್ತೆ

ಮನೆವಾರ್ತೆಯೆಂಬುದು ನೋಡಿ ಕಲಿಯತಕ್ಕದ್ದೇ ಹೊರತು ಓದಿ ಕಲಿಯತಕ್ಕದ್ದಲ್ಲವೆಂದು ಹೇಳುವವರು ಈಗಲೂ ಕೆಲವರಿರುವರು. ನಾವು ಈ ಶಾಲೆಯ ಬೆಂಚುಗಳ ಮೇಲೆ ಕುಳಿತಿದ್ದ ಕಾಲದಲ್ಲಿ ಗೃಹಕೃತ್ಯದ ಉಪಾಧ್ಯಾಯಿನಿಯವರು ಒಂದು ಸಂಸಾರಕ್ಕೆ ಒಂದು ದಿನಕ್ಕೆ ಬೇಕಾಗುವ ನೀರೆಷ್ಟು, ಸೌದೆಯೆಷ್ಟು, ದೀಪದ ಎಣ್ಣೆಯೆಷ್ಟು ಎಂದು ನಮ್ಮಿಂದ ಲೆಕ್ಕ ಬರೆಯಿಸುತ್ತಿದ್ದರು. ನಲ್ಲಿಯನ್ನು ತಿರುಗಿಸಿದರೆ ನೀರು ಬರುವಾಗ ಈ ಲೆಕ್ಕವೇತಕ್ಕೆಂದು ನಾವು ಮರೆಯಲ್ಲಿ ನಕ್ಕದ್ದುಂಟು. ಆ ಪಾಠದ ಅರ್ಥವು ನಮಗೆ ತಲೆ ನರೆತ ಮೇಲೆ, ಇಂಗ್ಲೆಂಡು ದೇಶದ ಒಂದು ಕಾಲುವೆಯ ಮೇಲೆ, ಏಳಡಿಗಿಂತಲೂ ಕಿರಿದಾದ ಒಂದು ಯಂತ್ರದೋಣಿಯಲ್ಲಿ ತಿಳಿಯಿತು. ಅದನ್ನು ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಹೆತ್ತವರ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಈ ಲೇಖನವನ್ನು ಬರೆಯುವ ನಾವು ಒಂದೇ ತರಗತಿಯಲ್ಲಿ ಓದಿದ ಇಬ್ಬರು ಗೆಳತಿಯರು. ನಮ್ಮಲ್ಲೊಬ್ಬರ ಮಗಳೂ ಅಳಿಯನೂ ಆ ದೇಶದಲ್ಲಿ ಇಂಥ ದೋಣಿಯೊಂದನ್ನೇ ಮನೆಯಾಗಿ ಮಾಡಿಕೊಂಡಿರುವರು. ಅವರೊಡನೆಯೂ ಏಳು ವರ್ಷದ ಮೊಮ್ಮಗಳೊಡನೆಯೂ ನಾವಿಬ್ಬರು ಮೂರು ವಾರ ವಾಸವಾಗಿದ್ದೆವು.

ಮೊದಲು ಈ ಮನೆಯು ಎಂಥದೆಂಬುದನ್ನು ತಿಳಿಯಬೇಕು. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಕಲ್ಲಿದ್ದಲನ್ನು ಸಾಗಿಸುವುದಕ್ಕಾಗಿ ಕಾಲುವೆಗಳನ್ನು ತೋಡಿದರು. 1761ರಲ್ಲಿ ಬ್ರಿಡ್ಜ್‌ವಾಟರ್ ಕಾಲುವೆಯು ತೆರೆಯಿತು. ನಾವು ಇದ್ದ ಆಕ್ಸ್‌ಫರ್ಡ್ ಕಾಲುವೆಯು 1790ರಲ್ಲಿ ಆಕ್ಸ್‌ಫರ್ಡ್ ಪಟ್ಟಣವನ್ನು ಮುಟ್ಟಿತು. ನೀರು ಗುಡ್ಡವನ್ನು ಏರಲಾರದಷ್ಟೆ. ಆದುದರಿಂದ ನೆಲವು ಏರುವಲ್ಲಿ ‘ಲಾಕ್’ ಎಂಬ ನೀರಿನ ಮೆಟ್ಟಲುಗಳನ್ನು ಕಟ್ಟಿದರು. ಲಾಕ್ ಎಂದರೆ ಎರಡು ಕೊನೆಗಳಲ್ಲಿಯೂ ಕದಗಳುಳ್ಳ ಕಲ್ಲಿನ ಅಥವಾ ಇಟ್ಟಿಗೆಯ ತೊಟ್ಟಿ. ದೋಣಿಯು ಕೆಳಗಿನಿಂದ ಒಳಗೆ ಬಂದ ಮೇಲೆ ಹಿಂದಿನ ಕದವನ್ನು ಮುಚ್ಚಿ, ಮೇಲಿನ ತೂಬನ್ನು ಎತ್ತಿದರೆ ತೊಟ್ಟಿಯು ತುಂಬುವುದು, ದೋಣಿಯೂ ಅದರೊಡನೆ ಏರುವುದು. ಬಹಳ ಕಡೆಗಳಲ್ಲಿ ಈ ತೊಟ್ಟಿಯ ಅಗಲವು ಸುಮಾರು 7 ಅಡಿ, ಉದ್ದವು ಸುಮಾರು 72 ಅಡಿ. ಆದಕಾರಣ ಅದರಲ್ಲಿ ಹಿಡಿಯುವ ದೋಣಿಯು 6 ಅಡಿ 10 ಅಂಗುಲಕ್ಕಿಂತ ಅಗಲವಾಗಿರಲಾಗದು. ಆ ದೇಶದ ಕಿರುದೋಣಿಗಳ ಅಳತೆಯನ್ನು ಗೊತ್ತುಮಾಡಿದವು ಇನ್ನೂರು ವರ್ಷಗಳ ಹಿಂದಿನ ಈ ತೊಟ್ಟಿಗಳೇ.

ಅಂದು ಕುದುರೆಗಳು ದಡದ ಕಾಲುದಾರಿಯಲ್ಲಿ ನಡೆದು ದೋಣಿಗಳನ್ನು ಎಳೆದವು. ಈಗ ಡೀಸೆಲ್ ಯಂತ್ರವು ತಳ್ಳುತ್ತದೆ. ಕಾಲುವೆಯಲ್ಲಿ ಗಂಟೆಗೆ 4 ಮೈಲಿಗಿಂತ ಹೆಚ್ಚು ವೇಗದಿಂದ ಹೋಗಕೂಡದು. ವೇಗವಾಗಿ ಹೋದರೆ ಅಲೆಯೆದ್ದು ದಡದ ಮಣ್ಣು ಕುಸಿಯುವುದು, ಕಟ್ಟಿಹಾಕಿದ ಬೇರೆ ದೋಣಿಗಳ ಗೂಟಗಳು ಕೀಳುವುವು. ಆದಕಾರಣ ನಿಂತಿರುವ ದೋಣಿಯ ಪಕ್ಕದಲ್ಲಿ ಹೋಗುವಾಗ ಯಂತ್ರವನ್ನು ಇನ್ನೂ ನಿಧಾನಮಾಡುವುದು ಅಲ್ಲಿನ ಮರ್ಯಾದೆ. ಒಳಗೆ ನಿದ್ರಿಸುವ ಮಗುವಿರಬಹುದು, ಒಲೆಯ ಮೇಲೆ ಸಾರು ಕುದಿಯುತ್ತಿರಬಹುದು ಎಂದು ಪ್ರತಿಯೊಬ್ಬರೂ ಎಣಿಸಿಕೊಳ್ಳುವರು.

ಇನ್ನು ಮನೆವಾರ್ತೆಯ ವಿಷಯಕ್ಕೆ ಬರೋಣ. ನಮ್ಮ ದೋಣಿಯಲ್ಲಿ ನೀರಿನ ತೊಟ್ಟಿಯೊಂದಿತ್ತು; ಅದು ಸುಮಾರು 500 ಲೀಟರ್ ಹಿಡಿಯುವುದು. ಕಾಲುವೆಯ ದಡದಲ್ಲಿ ಅಲ್ಲಲ್ಲಿ ಇರುವ ನಲ್ಲಿಗಳಿಂದ ರಬ್ಬರಿನ ಕೊಳವೆಯನ್ನು ಎಳೆದು ಅದನ್ನು ತುಂಬಿಸಿಕೊಳ್ಳಬೇಕು. ನಾವಾದರೋ ಊರಿನಲ್ಲಿ ಮಾಡುವಂತೆ ಧಾರಾಳವಾಗಿ ಸ್ನಾನಮಾಡಿದೆವು. ಬಟ್ಟೆಯನ್ನು ಮೂರು ನೀರಿನಲ್ಲಿ ಜಾಲಿಸಿದೆವು. ಅಕ್ಕಿ ತೊಳೆದ ನೀರನ್ನು ಚೆಲ್ಲಿಬಿಟ್ಟೆವು. ಎರಡನೆಯ ದಿನದ ಸಾಯಂಕಾಲ, ಸುತ್ತಲೂ ಹೊಲಗಳೇ ಇರುವ ಸ್ಥಳದಲ್ಲಿ, ನಲ್ಲಿಯು ಉಸಿರುಗಟ್ಟಿದಂತೆ ಶಬ್ದಮಾಡಿ ನಿಂತುಹೋಯಿತು. ಮುಂದಿನ ನಲ್ಲಿಗೆ ಐದು ಲಾಕ್‌ಗಳನ್ನು ಇಳಿಯಬೇಕಾಗಿತ್ತು, ಹೊತ್ತು ಮುಳುಗಿತ್ತು. ಹಿಂದೆ ಕಟ್ಟಿದ್ದ ದೋಣಿಯ ಮುದುಕರೊಬ್ಬರು ಎರಡು ಡಬ್ಬ ನೀರನ್ನು ತಂದುಕೊಟ್ಟರು. ನಾವು ನಾಚಿಕೆಯಿಂದ ನಿಂತಿರಲು ಮೊಮ್ಮಗಳು, “ಅಜ್ಜೀ, ಇಲ್ಲಿ ನೀರು ತಾನಾಗಿ ಬರುವುದಿಲ್ಲ. ನಾವೇ ತರುವುದು,” ಎಂದಳು.

ದೋಣಿಯ ಮನೆವಾರ್ತೆಯೆಲ್ಲವೂ ಆ ಮಗುವಿನ ಮಾತಿನಲ್ಲಿ ಅಡಗಿದೆ. ಆ ಮನೆಗೆ ಯಾವುದೂ ತಾನಾಗಿ ಬರುವುದಿಲ್ಲ, ಯಾವುದೂ ತಾನಾಗಿ ಹೋಗುವುದೂ ಇಲ್ಲ. ಬಾವಿಯಿಂದ ಕೊಡಗಳನ್ನು ಹೊತ್ತು ತಂದ ನಮ್ಮ ತಾಯಂದಿರಿಗೆ ಇದು ತಿಳಿದಿತ್ತು. ನಲ್ಲಿಯು ನಮ್ಮನ್ನು ಮರೆಯುವಂತೆ ಮಾಡಿತು.

ಬೆಳಕಿನ ವಿಷಯವೂ ಹೀಗೆಯೇ. ವಿದ್ಯುತ್ತು ಬ್ಯಾಟರಿಗಳಲ್ಲಿ ಶೇಖರವಾಗಿರುತ್ತದೆ. ಯಂತ್ರವು ನಡೆಯುವಾಗಲೂ, ಮಾಡಿನ ಮೇಲಿನ ಸೌರಫಲಕಗಳಿಗೆ ಬಿಸಿಲು ತಗಲಿದಾಗಲೂ ಅವು ತುಂಬುವುವು. ಬೇಸಗೆಯ ದೀರ್ಘದಿನಗಳಲ್ಲಿ ಸೂರ್ಯನೇ ಸಾಕಾಗುವನು. ಚಳಿಗಾಲದಲ್ಲಿ ಬಿಸಿಲು ಕ್ಷೀಣವಾದುದರಿಂದ ದೋಣಿಯು ನಿಂತಿದ್ದರೂ ಯಂತ್ರವನ್ನು ನಡೆಯಿಸಬೇಕಾಗುವುದು. ಬ್ಯಾಟರಿಯ ಅಳತೆಯನ್ನು ನೋಡದೆ ಆ ಮನೆಯಲ್ಲಿ ಯಾರೂ ಮಲಗುವುದಿಲ್ಲ.

ಚಳಿಗೆ ಕಬ್ಬಿಣದ ಒಲೆಯುಂಟು. ಅದರಲ್ಲಿ ಸೌದೆಯನ್ನೂ ಹೊಗೆಯಿಲ್ಲದ ಕಲ್ಲಿದ್ದಲನ್ನೂ ಉರಿಸುವರು. ಇಲ್ಲಿ ಹೆಂಗಸರು ವಿಶೇಷವಾಗಿ ಗಮನಿಸತಕ್ಕ ವಿಷಯವೊಂದಿದೆ. ಗಾಳಿ ಸಾಲದೆ ಬೆಂಕಿಯು ಸರಿಯಾಗಿ ಉರಿಯದಿದ್ದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಮಲಗಿದವರು ಮಲಗಿದಂತೆಯೇ ಪ್ರಾಣಬಿಡುವರು. ಆದುದರಿಂದ ದೋಣಿಯ ಗಾಳಿಕಿಂಡಿಗಳನ್ನು ಎಂಥ ಚಳಿಯಲ್ಲಿಯೂ ಮುಚ್ಚಲಾಗದು. 2019ರ ಏಪ್ರಿಲಿನಿಂದ ಈ ವಾಯುವನ್ನು ಕಂಡುಹಿಡಿದು ಕೂಗುವ ಯಂತ್ರವು ಇಂಥ ದೋಣಿಗಳಲ್ಲಿ ಇರಲೇಬೇಕೆಂದು ವಿಧಿಸಿರುವರು. ಅಡಿಗೆಯ ಗ್ಯಾಸಾದರೋ ಗಾಳಿಗಿಂತ ಭಾರವಾದುದು. ಅದು ಸೋರಿದರೆ ದೋಣಿಯ ತಳದಲ್ಲಿ ನೀರಿನಂತೆ ನಿಲ್ಲುವುದು. ಒಂದು ಕಿಡಿಯು ಸಾಕು. ಆದಕಾರಣ ಸಿಲಿಂಡರುಗಳನ್ನು ಒಳಗಿಡದೆ, ಸೋರಿದ ಗ್ಯಾಸು ಹೊರಕ್ಕೆ ಇಳಿದುಹೋಗುವಂತೆ ತೂತುಗಳುಳ್ಳ ಬೇರೆ ಪೆಟ್ಟಿಗೆಯಲ್ಲಿಡುವರು. ಕಿಟಕಿ ಮುಚ್ಚಿ ಇದ್ದಲಿನ ಅಗ್ಗಿಷ್ಟಿಕೆಯನ್ನು ಕೋಣೆಯಲ್ಲಿ ಇಟ್ಟುಕೊಳ್ಳುವ ನಮ್ಮ ಗೃಹಿಣಿಯರಿಗೂ ಈ ಪಾಠವು ಬೇಕು.

ಕಸದ ಮಾತನ್ನೂ ಬಿಡಲಾಗದು. ನಮ್ಮ ದೋಣಿಯ ಪಾಯಿಖಾನೆಯ ಕೆಳಗೆ ಸುಮಾರು 20 ಲೀಟರಿನ ಪೆಟ್ಟಿಗೆಯಿತ್ತು. ಅದು ತುಂಬಿದಾಗ ಕೈಯಲ್ಲಿ ಹಿಡಿದುಕೊಂಡು ಹೋಗಿ, ದಡದಲ್ಲಿ ಅದಕ್ಕೆಂದೇ ಕಟ್ಟಿದ ಸ್ಥಳದಲ್ಲಿ ಬರಿದುಮಾಡಿ ತೊಳೆಯಬೇಕು. ಈ ಕೆಲಸಕ್ಕೆ ಆಳಿಲ್ಲ, ಜಾತಿಯಿಲ್ಲ, ಗಂಡು ಹೆಣ್ಣೆಂಬ ಭೇದವಿಲ್ಲ, ಸರದಿ ಮಾತ್ರವುಂಟು. ಅಳಿಯನ ಸರದಿ ಬಂದಾಗ ಅವನು ಸಂಕೋಚವಿಲ್ಲದೆ ಎತ್ತಿಕೊಂಡು ಹೋದುದನ್ನು ನೋಡಿ, ನಮ್ಮ ಮನೆಗಳಲ್ಲಿ ಈ ಹೊಲಸನ್ನು ಯಾರ ತಲೆಯ ಮೇಲೆ ಹೊರಿಸಿದ್ದೆವೆಂಬುದನ್ನು ನಾವು ಆ ರಾತ್ರಿ ಬಹಳ ಹೊತ್ತು ಮಾತಾಡಿದೆವು.

ದಿನಚರಿಯು ಹೀಗಿತ್ತು. ಬೆಳಿಗ್ಗೆ ಒಲೆಯ ಬೂದಿಯನ್ನು ತೆಗೆದು, ಕಾಫಿಗೆ ನೀರಿಟ್ಟು, ಯಂತ್ರದ ಎಣ್ಣೆಯನ್ನೂ ತಂಪುನೀರನ್ನೂ ಪರೀಕ್ಷಿಸುವರು. ಆಮೇಲೆ ಗೂಟಗಳನ್ನು ಕಿತ್ತು, ಹಗ್ಗಗಳನ್ನು ಸುತ್ತಿಟ್ಟು ಹೊರಡುವರು. ಒಬ್ಬರು ಹಿಂದುಗಡೆ ಚುಕ್ಕಾಣಿಯನ್ನು ಹಿಡಿದು ನಿಲ್ಲುವರು. ಒಬ್ಬರು ಹಿಡಿಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮುಂದಾಗಿ ನಡೆದುಹೋಗಿ ಲಾಕನ್ನು ಅಣಿಮಾಡುವರು. ಇಳಿಯುವಾಗ ದೋಣಿಯ ಹಿಂಭಾಗವು ಮೇಲಿನ ಕದದ ಕೆಳಗಣ ಕಲ್ಲಿನ ಹೊಸ್ತಿಲ ಮೇಲೆ ಸಿಕ್ಕಿಕೊಂಡರೆ, ನೀರು ಇಳಿದಂತೆ ಮುಂಭಾಗವು ಕೆಳಗೆ ಹೋಗಿ ದೋಣಿಯೇ ಮುಳುಗುವುದು. ಆದಕಾರಣ ಗೋಡೆಯಲ್ಲಿ ಬರೆದ ಬಿಳಿಯ ಗೆರೆಯ ಮುಂದೆಯೇ ದೋಣಿಯನ್ನು ನಿಲ್ಲಿಸತಕ್ಕದ್ದು. ತೂಬನ್ನು ಎತ್ತಿದವರು ದೋಣಿಯ ಮೇಲಿಂದ ಕಣ್ಣು ತೆಗೆಯಲಾಗದು. ಒಂದು ಸಾರಿ ಲಾಕ್ ತುಂಬಿ ಬರಿದಾದರೆ ಸುಮಾರು 25 ಸಾವಿರ ಗ್ಯಾಲನ್ ನೀರು ಕೆಳಗಿಳಿಯುತ್ತದೆ. ಆದುದರಿಂದ ಎದುರಿನಿಂದ ದೋಣಿ ಬರುತ್ತಿದ್ದರೆ ಅದಕ್ಕಾಗಿ ಕಾದು, ಒಂದೇ ನೀರಿನಿಂದ ಇಬ್ಬರ ಕೆಲಸವನ್ನೂ ತೀರಿಸುವರು.

ಇಂದು ಮನಸ್ಸಿನ ಸಂತೋಷಕ್ಕಾಗಿಯೋ ಬಾಡಿಗೆಯ ಭಾರಕ್ಕಾಗಿಯೋ ದೋಣಿಯಲ್ಲಿ ಇರುವವರಿಗೆ ಈ ವಿದ್ಯೆಯನ್ನು ಬಿಟ್ಟುಹೋದವರು ಹಿಂದಿನ ದೋಣಿಗಾರರ ಸಂಸಾರಗಳು. ಅವರು ಸರಕಿನ ದೋಣಿಯ ಹಿಂಭಾಗದಲ್ಲಿ ಸುಮಾರು ಹತ್ತಡಿ ಉದ್ದದ ಕೋಣೆಯೊಂದರಲ್ಲಿ ಹುಟ್ಟಿ, ಮಕ್ಕಳನ್ನು ಸಾಕಿ, ಸತ್ತರು. ಹಗಲು ಬೀರುವಾಗಿದ್ದುದು ರಾತ್ರಿ ಹಾಸಿಗೆಯಾಗುತ್ತಿತ್ತು. ಬೀರುವಿನ ಬಾಗಿಲೇ ಮೇಜಾಗುತ್ತಿತ್ತು. ಹಿತ್ತಾಳೆಯನ್ನು ಬೆಳಗಿ, ಜಾಲರಿಯಂಚಿನ ಪಿಂಗಾಣಿ ತಟ್ಟೆಗಳನ್ನು ತೂಗಹಾಕಿ, ಗುಲಾಬಿಗಳನ್ನೂ ಕೋಟೆಗಳನ್ನೂ ಬಣ್ಣದಲ್ಲಿ ಬರೆದು ಆ ಗೂಡನ್ನು ಅರಮನೆಯಂತೆ ಇಟ್ಟುಕೊಂಡಿದ್ದರು. ಗಂಡನು ಯಂತ್ರದೋಣಿಯನ್ನು ನಡೆಯಿಸಿದರೆ, ಹಿಂದೆ ಎಳೆಯಲ್ಪಡುವ ಜೊತೆದೋಣಿಯ ಚುಕ್ಕಾಣಿಯನ್ನು ಅನೇಕ ಕಡೆ ಹೆಂಡತಿಯೇ ಹಿಡಿಯುತ್ತಿದ್ದಳು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ಸಾಲದಿರಲು ಪಟ್ಟಣದ ಓದಿದ ಹೆಣ್ಣುಮಕ್ಕಳು ಈ ಕೆಲಸಕ್ಕೆ ಸೇರಿ, ಮೂವರು ಮೂವರಾಗಿ ಸುಮಾರು 50 ಟನ್ ಸರಕನ್ನು ಜೋಡಿದೋಣಿಗಳಲ್ಲಿ ಸಾಗಿಸಿದರು. ಅವರಲ್ಲೊಬ್ಬರಾದ ಎಮ್ಮಾ ಸ್ಮಿತ್ ಎಂಬವರು 1948ರಲ್ಲಿ ಆ ಬಾಳನ್ನು ಪುಸ್ತಕವಾಗಿ ಬರೆದರು.

ಆದರೆ ಇಷ್ಟೆಲ್ಲ ಕೈಚಳಕವುಳ್ಳ ಆ ತಾಯಂದಿರಲ್ಲಿ ಅನೇಕರಿಗೆ ತಮ್ಮ ಹೆಸರನ್ನು ಬರೆಯಲು ಬರುತ್ತಿರಲಿಲ್ಲ. ಶಾಲೆಯು ಒಂದೇ ಕಡೆ ನಿಲ್ಲುವುದು, ದೋಣಿಯು ನಿಲ್ಲುವುದಿಲ್ಲ. ಸರಕು ಇಳಿಯುವ ಒಂದೆರಡು ದಿನ ಮಗುವು ಯಾವುದೋ ಊರಿನ ಶಾಲೆಯ ಹಿಂದಿನ ಬೆಂಚಿನಲ್ಲಿ ಕುಳಿತು, ಮೂರನೆಯ ದಿನ ಹೊರಟುಹೋಗುತ್ತಿತ್ತು. ಜಾರ್ಜ್ ಸ್ಮಿತ್ ಎಂಬವರು ಈ ಮಕ್ಕಳಿಗಾಗಿ ಹೋರಾಡಿದುದರ ಫಲವಾಗಿ 1877ರಲ್ಲಿಯೂ 1884ರಲ್ಲಿಯೂ ಕಾಲುವೆ ದೋಣಿಗಳ ಕಾಯಿದೆಗಳು ಬಂದವು; ಕೋಣೆಯಲ್ಲಿ ಎಷ್ಟು ಮಂದಿ ಇರಬಹುದೆಂಬುದು ಗೊತ್ತಾಯಿತು, ತನಿಖೆ ನಡೆಯಿತು. ಆದರೂ ಓದು ಮಾತ್ರ ಹಿಂದೆಯೇ ಉಳಿಯಿತು. ಸ್ಟೋಕ್ ಬ್ರೂಯರ್ನ್ ಎಂಬ ಹಳ್ಳಿಯಲ್ಲಿ ಲಾಕ್‌ಗಳ ಹತ್ತಿರವೇ ಮನೆಮಾಡಿ, ದೋಣಿಗಾರರಿಗೆ ಅನೇಕ ವರ್ಷ ಔಷಧೋಪಚಾರ ಮಾಡಿದ ಸಿಸ್ಟರ್ ಮೇರಿ ವಾರ್ಡ್ ಎಂಬ ದಾದಿಯ ನೆನಪು ಆ ಊರಿನಲ್ಲಿ ಇನ್ನೂ ಇದೆ. ಆಕೆಗೆ 1951ರಲ್ಲಿ ಬ್ರಿಟಿಷ್ ಎಂಪೈರ್ ಪದಕವು ದೊರೆಯಿತು. ದಾದಿಯು ದಡದಲ್ಲಿ ನಿಂತು ಹಾದುಹೋಗುವವರ ಗಾಯವನ್ನು ಕಟ್ಟಬಲ್ಲಳು. ಉಪಾಧ್ಯಾಯಿನಿಯು ಹಾದುಹೋಗುವವರಿಗೆ ಓದು ಕಲಿಸುವುದು ಹೇಗೆ?

ಈ ಪ್ರಶ್ನೆಯು ನಮ್ಮ ಮನೆಯದೂ ಆಗಿದೆ. ಸ್ಥಿರವಾದ ಕಟ್ಟುಸ್ಥಳವಿಲ್ಲದ ದೋಣಿಯು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ನಿಲ್ಲಕೂಡದೆಂದು 1995ರ ಕಾಯಿದೆಯು ಹೇಳುತ್ತದೆ. ಕಾಲುವೆಯು ಎಲ್ಲರದೂ ಆದುದರಿಂದ ಅದು ನ್ಯಾಯವೇ ಸರಿ. ಆದರೆ ಒಂದು ಪಕ್ಷ ಶಾಲೆಯು ಅರ್ಧ ಮೈಲಿಯಲ್ಲಿದ್ದರೆ ಮುಂದಿನ ಪಕ್ಷ ನಾಲ್ಕು ಮೈಲಿಯಾಗುವುದು. ಅಳಿಯನು ಮಗುವನ್ನು ಸೈಕಲಿನ ಹಿಂದೆ ಕೂರಿಸಿಕೊಂಡು, ಮಳೆಯಲ್ಲಿ ದಡದ ಕೆಸರುದಾರಿಯಲ್ಲಿ ಹೋಗುವುದನ್ನು ನಾವು ನೋಡಿದೆವು. ಆ ಹುಡುಗಿಗೆ ಬ್ಯಾಟರಿಯ ಅಳತೆ ಗೊತ್ತು, ಕುಣಿಕೆ ಹಾಕಲು ಗೊತ್ತು, ಒಂದು ತಂಬಿಗೆ ನೀರಿನಲ್ಲಿ ಮುಖಮಜ್ಜನ ಮುಗಿಸಲು ಗೊತ್ತು. ಓದಿನಲ್ಲಿ ಮಾತ್ರ ತರಗತಿಗಿಂತ ಹಿಂದುಳಿದಿದ್ದಳು. ನಾವು ಹೊರಡುವ ಹಿಂದಿನ ರಾತ್ರಿ ಮಗಳು, “ಅಮ್ಮಾ, ಸ್ಥಿರವಾದ ಸ್ಥಳಕ್ಕೆ ಹೆಸರು ಕೊಟ್ಟಿದ್ದೇವೆ. ಚಳಿಗಾಲದೊಳಗೆ ಸಿಕ್ಕದಿದ್ದರೆ ದೋಣಿಯನ್ನು ಮಾರಿ ನೆಲಕ್ಕೆ ಹೋಗುತ್ತೇವೆ,” ಎಂದಳು. ಆ ದೋಣಿಯ ಒಂದೊಂದು ಹಲಗೆಯನ್ನೂ ಅವರಿಬ್ಬರೂ ತಮ್ಮ ಕೈಯಿಂದಲೇ ಜೋಡಿಸಿದ್ದರು. ನಾವು ಏನೂ ಹೇಳಲಿಲ್ಲ. ಅವಳು ನಮ್ಮ ಅಪ್ಪಣೆಯನ್ನು ಕೇಳಿರಲಿಲ್ಲ, ನಿಶ್ಚಯಮಾಡಿಕೊಂಡೇ ಹೇಳಿದ್ದಳು.

ಪ್ರಿಯ ಸಹೋದರಿಯರೇ, ಹೆತ್ತವರೇ, ಈ ಪಾಠದಿಂದ ನಾವು ಎರಡು ಸಂಗತಿಗಳನ್ನು ಕಲಿತೆವು. ತಾನಾಗಿ ಬರುವಂತೆ ಕಾಣುವ ನೀರು, ಬೆಳಕು, ಶುಚಿತ್ವಗಳನ್ನು ಯಾರೋ ಒಬ್ಬರು ಹೊತ್ತು ತರುತ್ತಿರುವರೆಂಬುದು ಒಂದು. ವಿದ್ಯೆಯೂ ತಾನಾಗಿ ಬರುವುದಿಲ್ಲವೆಂಬುದು ಇನ್ನೊಂದು. ನಾವು ದಿನವೂ ಹೋಗಿ ಕುಳಿತುಕೊಳ್ಳುವುದಕ್ಕೆ ಒಂದು ಶಾಲೆಯು ಒಂದೇ ಸ್ಥಳದಲ್ಲಿ ವರ್ಷಗಟ್ಟಲೆ ನಿಂತಿತ್ತು. ನಮ್ಮನ್ನು ಅಲ್ಲಿಗೆ ಕಳುಹಿಸುವುದಕ್ಕಾಗಿ ನಮ್ಮ ತಾಯಿತಂದೆಗಳು ಏನನ್ನು ಬಿಟ್ಟುಕೊಟ್ಟರೆಂಬುದನ್ನು ನಾವು ಲೆಕ್ಕದ ಪುಸ್ತಕದಲ್ಲಿ ಬರೆದಿರಲಿಲ್ಲ. ಈಗಲಾದರೂ ಬರೆದುಕೊಳ್ಳೋಣ.