ಯಾವ ಮಗುವಿನ ಬಾಬ್ತು?

ನಾನು ಕೆಲಸಕ್ಕೆ ಸೇರಿದ ಮೊದಲ ಚಳಿಗಾಲದಲ್ಲಿ ಒಂದು ಕನ್ನಡಕದ ಇಂಡೆಂಟು ನನ್ನ ಮೇಜಿಗೆ ಬಂತು. ಮೂರನೇ ತರಗತಿಯ ಹುಡುಗಿಯದು. ಅವಳ ತಾಯಿ ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟು, ಮಕ್ಕಳನ್ನು ಕರೆದುಕೊಂಡು ನೆಂಟರ ಮನೆಯ ಹಾಲಿನಲ್ಲಿ ಮಲಗುತ್ತಿದ್ದರು. ಹುಡುಗಿಗೆ ಬೋರ್ಡು ಕಾಣುತ್ತಿರಲಿಲ್ಲ. ಕನ್ನಡಕದ ಖರ್ಚನ್ನು ಕೇಂದ್ರ ಸರ್ಕಾರದ ಅನುದಾನದಿಂದ ಕೊಡಬಹುದೇ ಎಂದು ಶಾಲೆಯವರು ಕೇಳಿದ್ದರು. ‘ಇದು ವೈದ್ಯಕೀಯ ಖರ್ಚು, ಶಿಕ್ಷಣದ್ದಲ್ಲ’ ಎಂದು ಬರೆದು ನಾನು ವಾಪಸು ಕಳಿಸಿದೆ.

ಮೂರು ವಾರ ಕಳೆದ ಮೇಲೆ ನಮ್ಮಲ್ಲಿ ಮನೆಯಿಲ್ಲದ ಮಕ್ಕಳ ಹೊಣೆ ಹೊತ್ತಿದ್ದ ಹಿರಿಯ ಸಹೋದ್ಯೋಗಿ ಮಾರ್ಗಸೂಚಿಯ ಪುಸ್ತಕ ಹಿಡಿದು ಬಂದರು. ಎದುರಿಗೆ ಕೂತು, ಬೆರಳಿಟ್ಟು ತೋರಿಸಿದರು. ಮನೆಯಿಲ್ಲದ ಮಕ್ಕಳಿಗಾಗಿ ಅನುದಾನದಲ್ಲಿ ಒಂದು ಭಾಗ ತೆಗೆದಿಡಲೇಬೇಕು, ಬೇರೆಲ್ಲೂ ಸಿಗದಿದ್ದರೆ ಕನ್ನಡಕವನ್ನೂ ಆ ಹಣದಿಂದ ಕೊಡಿಸಬಹುದು. ಅಮೆರಿಕದ ಮೆಕಿನ್ನಿ-ವೆಂಟೋ ಕಾಯ್ದೆಯ ಪ್ರಕಾರ ನೆಂಟರ ಮನೆಯಲ್ಲಿ ಗತಿಯಿಲ್ಲದೆ ಉಳಿದ ಮಗುವೂ ಮನೆಯಿಲ್ಲದ ಮಗುವೇ. ನಾನು ನಿಯಮ ಓದದೆ ‘ಇಲ್ಲ’ ಎಂದಿದ್ದೆ. ಆ ಹುಡುಗಿ ಬೋರ್ಡು ಕಾಣದೆ ಕೂತ ಆ ಮೂರು ವಾರ ಇವತ್ತಿಗೂ ನನ್ನ ಹೆಸರಿನಲ್ಲಿವೆ.

ನಾನು ತುಮಕೂರು ಜಿಲ್ಲೆಯವಳು. ಬಿ.ಕಾಂ. ಮುಗಿಸಿ, ಮದುವೆಯಾಗಿ ಅಮೆರಿಕಕ್ಕೆ ಬಂದು, ಇಲ್ಲಿ ಮತ್ತೆ ಓದಿದೆ. ಮಧ್ಯಪಶ್ಚಿಮದ ಒಂದು ನಡುಗಾತ್ರದ ಊರಿನ ಸ್ಕೂಲ್ ಡಿಸ್ಟ್ರಿಕ್ಟಿನಲ್ಲಿ ಫೆಡರಲ್ ಅನುದಾನ ನೋಡಿಕೊಳ್ಳಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಇಲ್ಲಿ ಡಿಸ್ಟ್ರಿಕ್ಟ್ ಅಂದರೆ ನಮ್ಮ ಕಡೆಯ ಜಿಲ್ಲೆಯಲ್ಲ. ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ, ಸಾಮಾನ್ಯವಾಗಿ ಜನರೇ ಆರಿಸಿದ ಮಂಡಳಿ ಅದಕ್ಕಿರುತ್ತದೆ. ಇಂಥವು ದೇಶದಲ್ಲಿ 13,000ಕ್ಕೂ ಹೆಚ್ಚಿವೆ. ಶಾಲೆಯ ಹಣ ಬಹುಪಾಲು ರಾಜ್ಯದಿಂದ ಮತ್ತು ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಕೇಂದ್ರದ ಪಾಲು ಸಾಮಾನ್ಯ ವರ್ಷಗಳಲ್ಲಿ ನೂರಕ್ಕೆ ಹತ್ತನ್ನೂ ಮುಟ್ಟುವುದಿಲ್ಲ. ಆದರೆ ಮನೆಗಳಿಗೆ ಬೆಲೆಯಿಲ್ಲದ ಕಡೆ ತೆರಿಗೆಯೂ ಹುಟ್ಟುವುದಿಲ್ಲ. ಅಂಥ ಕಡೆಯ ಮಕ್ಕಳಿಗೆ ಈ ಸಣ್ಣ ಪಾಲೇ ಓದು ಹೇಳಿಕೊಡುವ ಇನ್ನೊಬ್ಬ ಟೀಚರು, ಸಂಜೆಯ ಪಾಠ, ಬೇಸಿಗೆಯ ತರಗತಿ.

ಈ ಹಣದ ಮುಖ್ಯ ಹೊಳೆಗೆ ಟೈಟಲ್ ಒನ್ ಎಂದು ಹೆಸರು. ಅದು ಹುಟ್ಟಿದ್ದು 1965ರ ಶಿಕ್ಷಣ ಕಾಯ್ದೆಯಲ್ಲಿ. ಅಧ್ಯಕ್ಷ ಲಿಂಡನ್ ಜಾನ್ಸನ್ ಆ ವರ್ಷದ ಏಪ್ರಿಲ್ 11ರಂದು ಟೆಕ್ಸಾಸ್‌ನಲ್ಲಿ, ತಾವು ಅಕ್ಷರ ಕಲಿತ ಒಂದೇ ಕೋಣೆಯ ಶಾಲೆಯ ಬಳಿ, ತಮ್ಮ ಮೊದಲ ಟೀಚರ್ ಕೇಟ್ ಡೆಡ್‌ರಿಕ್ ಲೋನಿಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಅದಕ್ಕೆ ಸಹಿ ಹಾಕಿದರು. 1928ರಲ್ಲಿ ಕಟೂಲಾ ಎಂಬ ಊರಿನಲ್ಲಿ ಮೆಕ್ಸಿಕನ್ ಮೂಲದ ಬಡ ಮಕ್ಕಳಿಗೆ ಪಾಠ ಹೇಳಿದ್ದವರು ಜಾನ್ಸನ್. ಕಾಯ್ದೆ ಬಂದ ನಾಲ್ಕೇ ವರ್ಷಕ್ಕೆ, 1969ರಲ್ಲಿ, ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್‌ಕ್ಲೂರ್ ಎಂಬ ಇಬ್ಬರು ಮಹಿಳೆಯರು ಒಂದು ವರದಿ ತಂದರು. ಬಡ ಮಕ್ಕಳಿಗೆಂದು ಬಂದ ಹಣ ಎಷ್ಟೋ ಕಡೆ ಎಲ್ಲರ ಸಾಮಾನ್ಯ ಖರ್ಚಿಗೆ ಕರಗಿಹೋಗಿದೆ ಎಂದು ಅದು ತೋರಿಸಿತು. ಕೇಂದ್ರದ ಹಣ ಊರಿನ ಹಣದ ಮೇಲೆ ಸೇರಬೇಕೇ ಹೊರತು ಅದರ ಜಾಗಕ್ಕೆ ಬರಬಾರದು ಎಂಬ ನಿಯಮ ಆ ನಂತರವೇ ಗಟ್ಟಿಯಾಯಿತು.

ಈ ಚರಿತ್ರೆ ತಿಳಿದ ಮೇಲೆ ನಾನು ನಿಯಮ ಓದುವ ರೀತಿಯೇ ಬದಲಾಯಿತು. ಹಿಂದೆ ಎಲ್ಲೋ ಒಂದು ಮಗುವಿನ ಪಾಲು ಬೇರೆ ಕಡೆ ಹೋಗಿದ್ದಕ್ಕೇ ಈ ಸಾಲು ಇಲ್ಲಿ ಬಂದಿದೆ ಎಂದುಕೊಂಡು ಓದತೊಡಗಿದೆ. ನನ್ನ ಅಮ್ಮ ತಿಪಟೂರಿನ ಕಡೆ ಸರ್ಕಾರಿ ಪ್ರಾಥಮಿಕ ಶಾಲೆಯ ಮುಖ್ಯ ಶಿಕ್ಷಕಿ. ಒಂದೊಂದು ಅನುದಾನಕ್ಕೂ ಬೇರೆ ಬೇರೆ ಕ್ಯಾಷ್ ಬುಕ್ ಇಟ್ಟಿದ್ದರು. ಬೆಂಚಿಗೆ ಬಂದ ದುಡ್ಡನ್ನು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಕೊಡಿ ಎಂದು ಊರಿನವರು ಕೇಳಿದಾಗ, ‘ಅದು ಮಕ್ಕಳು ಕೂರೋ ಬಾಬ್ತು ಕಣಪ್ಪಾ, ಬೇರೆದಕ್ಕೆ ಮುಟ್ಟೋ ಹಾಗಿಲ್ಲ’ ಅನ್ನುತ್ತಿದ್ದರು. ಬಾಬ್ತು ಎಂಬ ಆ ಮಾತಿನ ತೂಕ ನನಗೆ ತಿಳಿದದ್ದು ಇಲ್ಲಿ ತಪ್ಪು ಮಾಡಿದ ಮೇಲೆ.

ಆ ತಪ್ಪು ನಡೆದದ್ದು ಎರಡನೇ ವರ್ಷ. ನಮ್ಮ ಒಂದು ಶಾಲೆಯಲ್ಲಿ ಬಡ ಮಕ್ಕಳು ಶೇ 40ಕ್ಕಿಂತ ಕಡಿಮೆ ಇದ್ದರು. ಅಂಥ ಶಾಲೆಯಲ್ಲಿ ಟೈಟಲ್ ಒನ್ ಹಣವನ್ನು ಓದಿನಲ್ಲಿ ಹಿಂದೆ ಬಿದ್ದವರೆಂದು ಗುರುತಿಸಿದ ಮಕ್ಕಳಿಗೆ ಮಾತ್ರ ಬಳಸಬೇಕು. ಆ ಮಕ್ಕಳಿಗೆ ಓದು ಕಲಿಸಲೆಂದೇ ಒಬ್ಬ ಟೀಚರಿಗೆ ಆ ಹಣದಿಂದ ಪೂರ್ತಿ ಸಂಬಳ. ‘ನಾನು ಆ ಕೆಲಸ ಮಾತ್ರ ಮಾಡಿದ್ದೇನೆ’ ಎಂದು ಅವರು ಆರು ತಿಂಗಳಿಗೊಮ್ಮೆ ಸಹಿ ಹಾಕಬೇಕಿತ್ತು. ಎಲ್ಲರಿಗೂ ಅನುಕೂಲವಾಗಲಿ ಎಂದು ಆ ಫಾರಂಗಳನ್ನು ನಾನೇ ಮುಂಚಿತವಾಗಿ ತುಂಬಿ, ಅವಧಿ ಮುಗಿಯುವ ಮೊದಲೇ ಶಾಲೆಗೆ ಕಳಿಸಿದೆ. ಸಹಿಯಾಗಿ ಬಂದವು. ಆಡಿಟ್‌ನವರು ಬಂದು ಶಾಲೆಯ ದಿನಚರಿಯ ಜೊತೆ ತಾಳೆ ನೋಡಿದಾಗ, ಆ ಟೀಚರನ್ನು ವಾರಗಟ್ಟಲೆ ರಜೆಯಲ್ಲಿದ್ದವರ ತರಗತಿ ನೋಡಿಕೊಳ್ಳಲು ಹಾಕಿದ್ದು ಹೊರಬಿತ್ತು.

ಆಕ್ಷೇಪಣೆ ಬಂತು. ಆ ವಾರಗಳ ಸಂಬಳವನ್ನು ಊರಿನ ತೆರಿಗೆ ಹಣದಿಂದ ವಾಪಸು ತುಂಬಬೇಕಾಯಿತು. ಟೀಚರು ಕಣ್ಣೀರು ಹಾಕಿದರು, ಏಕೆಂದರೆ ಹಾಳೆಯ ಮೇಲಿದ್ದುದು ಅವರ ಸಹಿ. ಆ ಹಾಳೆಯನ್ನು ತುಂಬಿದವಳು ನಾನು ಎಂದು ಮುಖ್ಯಸ್ಥರ ಮುಂದೆ ಒಪ್ಪಿಕೊಂಡೆ. ಹಣ ಹೇಗೋ ಭರ್ತಿಯಾಯಿತು. ಆ ವಾರಗಳಲ್ಲಿ ಓದು ಕಲಿಯಬೇಕಿದ್ದ ಮಕ್ಕಳಿಗೆ ತಪ್ಪಿದ ಪಾಠಗಳು ಭರ್ತಿಯಾಗಲಿಲ್ಲ. ಅಂದಿನಿಂದ ನಾನು ಯಾರ ಫಾರಂ ಅನ್ನೂ ತುಂಬುವುದಿಲ್ಲ. ತಿಂಗಳಿಗೊಂದು ಶಾಲೆಗೆ ಹೋಗಿ, ವೇಳಾಪಟ್ಟಿ ಕೈಯಲ್ಲಿ ಹಿಡಿದು, ಅನುದಾನದ ಟೀಚರು ಆ ಗಂಟೆಯಲ್ಲಿ ಯಾವ ಕೋಣೆಯಲ್ಲಿದ್ದಾರೆ ಎಂದು ಕಣ್ಣಾರೆ ನೋಡುತ್ತೇನೆ. ಯಾರನ್ನಾದರೂ ಸಿಕ್ಕಿಹಾಕಿಸುವುದು ನನ್ನ ಉದ್ದೇಶವಲ್ಲ. ಬದಲಿ ಶಿಕ್ಷಕರು ಸಿಗದ ಶಾಲೆಯ ಕಷ್ಟ ಏನೆಂದು ಅಲ್ಲಿ ನಿಂತಾಗಲೇ ಗೊತ್ತಾಗುತ್ತದೆ, ಪರಿಹಾರವನ್ನೂ ಅಲ್ಲೇ ಮಾತಾಡಬಹುದು.

ಆ ಸಹಿಯದು ಮೊದಲ ಪಾಠವಾದರೆ, ಎರಡನೇ ಪಾಠ ಎಣಿಕೆಯದು. ಶಾಲೆಗಳಿಗೆ ಹಣ ಹಂಚುವಾಗ ಬಡತನದ ಪ್ರಮಾಣದ ಮೇಲೆ ಪಟ್ಟಿ ಮಾಡಬೇಕು. ಶೇ 75ಕ್ಕಿಂತ ಹೆಚ್ಚು ಬಡ ಮಕ್ಕಳಿರುವ ಶಾಲೆಗೆ ಮೊದಲ ಹಕ್ಕು. ನಮ್ಮಲ್ಲಿ ಆ ಎಣಿಕೆಗೆ ಮಧ್ಯಾಹ್ನದ ಉಚಿತ ಊಟದ ಅರ್ಜಿಯೇ ಆಧಾರವಾಗಿತ್ತು. ಒಂದು ವರ್ಷ ಊರಿನ ಅತಿ ಬಡ ಕೇರಿಯ ಶಾಲೆ ಪಟ್ಟಿಯಲ್ಲಿ ಏಕಾಏಕಿ ಕೆಳಗಿಳಿಯಿತು. ಕೇರಿಯಲ್ಲಿ ಸಿರಿತನವೇನೂ ಬಂದಿರಲಿಲ್ಲ. ಹೋಗಿ ವಿಚಾರಿಸಿದಾಗ, ಗ್ವಾಟೆಮಾಲಾ ಮತ್ತು ಮೆಕ್ಸಿಕೋದಿಂದ ಬಂದ ಕುಟುಂಬಗಳು ಅರ್ಜಿಯನ್ನೇ ಕೊಟ್ಟಿರಲಿಲ್ಲ. ಸೋಷಿಯಲ್ ಸೆಕ್ಯೂರಿಟಿ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳುವ ಚೌಕ ನೋಡಿ ಹೆದರಿದ್ದರು. ನಂಬರಿಲ್ಲ ಎಂದು ಗುರುತು ಹಾಕಿದರೂ ಅರ್ಜಿ ಸಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಮುಂದಿನ ಆಗಸ್ಟಿನಲ್ಲಿ ಅವರ ಭಾಷೆ ಬಲ್ಲ ಸಹಾಯಕಿಯ ಜೊತೆ ಶಾಲೆಯ ಬಾಗಿಲಲ್ಲಿ ಮೇಜು ಹಾಕಿ ಕೂತೆ. ಪರದೇಶದಲ್ಲಿ ಫಾರಂ ಮುಂದೆ ಕೈ ನಡುಗುವುದು ಹೇಗೆಂದು ನನಗೂ ಗೊತ್ತಿತ್ತು. ಆ ವರ್ಷ ಶಾಲೆ ತನ್ನ ಜಾಗಕ್ಕೆ ಮರಳಿತು.

ಮೂರನೆಯದು ‘ಇಲ್ಲ’ ಎಂದು ಹೇಳುವ ಪಾಠ. ಬಜೆಟ್ಟು ಬಿಗಿಯಾದ ವರ್ಷ, ಇಂಗ್ಲಿಷ್ ಬಾರದ ಮಕ್ಕಳಿಗೆ ಕಲಿಸುವ ಟೀಚರ ಸಂಬಳವನ್ನು ಊರಿನ ಖಾತೆಯಿಂದ ತೆಗೆದು ಟೈಟಲ್ ತ್ರೀ ಎಂಬ ಕೇಂದ್ರದ ಅನುದಾನಕ್ಕೆ ಹಾಕಲು ನನಗೆ ಹೇಳಿದರು. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಚೀನೀ ಭಾಷೆಯ ಮಕ್ಕಳ ಪರವಾಗಿ ಬಂದ ಲೌ ವಿರುದ್ಧ ನಿಕೋಲ್ಸ್ ತೀರ್ಪಿನಿಂದಾಗಿ, ಭಾಷೆ ತಿಳಿಯದೆ ಪಾಠದಿಂದ ಹೊರಗುಳಿದ ಮಕ್ಕಳಿಗೆ ನೆರವಾಗುವುದು ಶಾಲೆಗಳ ಕರ್ತವ್ಯ. ಕೇಂದ್ರದ ಹಣ ಬಾರದಿದ್ದರೂ ಮಾಡಲೇಬೇಕಾದ ಕೆಲಸಕ್ಕೆ ಆ ಹಣ ಬಳಸುವಂತಿಲ್ಲ. ಮೊದಲ ವರ್ಷದ ‘ಇಲ್ಲ’ ನನಗೆ ನೆನಪಿತ್ತು. ಈ ಸಲ ಇಡೀ ನಿಯಮ ಓದಿ, ಅದೇ ಹಣದಲ್ಲಿ ಮಾಡಬಹುದಾದದ್ದನ್ನು ಬರೆದುಕೊಂಡೇ ಸಭೆಗೆ ಹೋದೆ. ಟೀಚರ ಸಂಬಳ ಊರಿನ ಖಾತೆಯಲ್ಲೇ ಉಳಿಯಿತು. ಅನುದಾನದಿಂದ ಸಂಜೆ ಹೊತ್ತು ತಾಯಂದಿರೂ ಮಕ್ಕಳೂ ಒಟ್ಟಿಗೆ ಕೂತು ಓದುವ ತರಗತಿ ಶುರುವಾಯಿತು.

ನಾಲ್ಕನೆಯದು ಕಾಲದ ಪಾಠ. ಮಾರ್ಚ್ ಕೊನೆಯಲ್ಲಿ ಅಮ್ಮ ಎದುರಿಸುತ್ತಿದ್ದ ಗಡಿಬಿಡಿ ಇಲ್ಲಿಯೂ ಇದೆ, ಸ್ವಲ್ಪ ಸಡಿಲ ಅಷ್ಟೆ. ಟೈಟಲ್ ಒನ್ ಹಣಕ್ಕೆ ಸುಮಾರು 27 ತಿಂಗಳ ಆಯಸ್ಸು. ಆದರೆ ನಮ್ಮಷ್ಟು ದೊಡ್ಡ ಡಿಸ್ಟ್ರಿಕ್ಟು ಒಂದು ವರ್ಷದ ಹಣದಲ್ಲಿ ಶೇ 15ಕ್ಕಿಂತ ಹೆಚ್ಚನ್ನು ಮುಂದಕ್ಕೆ ಒಯ್ಯಲು ವಿಶೇಷ ಅನುಮತಿ ಬೇಕು. ಹೀಗಾಗಿ ವಸಂತ ಬಂತೆಂದರೆ ಸಾಫ್ಟ್‌ವೇರ್, ಟ್ಯಾಬ್ಲೆಟ್ ಮಾರುವವರು ಬಾಗಿಲಿಗೆ ಬರುತ್ತಾರೆ. ಹಾಗೆ ಕೊಂಡ ಒಂದು ಓದಿನ ಪ್ರೋಗ್ರಾಮನ್ನು ಎರಡನೇ ವರ್ಷ ಯಾವ ಟೀಚರೂ ತೆರೆದಿರಲಿಲ್ಲ. ಈಗ ಜನವರಿಯಲ್ಲೇ ಪ್ರತಿ ಶಾಲೆಯ ಜೊತೆ ಕೂತು, ಉಳಿಯುವ ಹಣವೆಷ್ಟು, ಬೇಸಿಗೆಯಲ್ಲಿ ಯಾವ ಮಕ್ಕಳಿಗೆ ಪಾಠ ಬೇಕು ಎಂದು ನಿರ್ಧರಿಸುತ್ತೇವೆ.

ಇಷ್ಟೆಲ್ಲ ಕಲಿತ ಮೇಲೂ ಕೋವಿಡ್ ಕಾಲ ನನ್ನನ್ನು ಪರೀಕ್ಷೆಗೆ ಒಡ್ಡಿತು. 2020ರ ಮಾರ್ಚ್‌ನಿಂದ 2021ರ ಮಾರ್ಚ್‌ವರೆಗೆ ಮೂರು ಕಾಯ್ದೆಗಳಲ್ಲಿ ಶಾಲೆಗಳಿಗೆ ಸುಮಾರು 190 ಶತಕೋಟಿ ಡಾಲರ್ ಪರಿಹಾರ ಮಂಜೂರಾಯಿತು. ಕೊನೆಯ ಕಂತೇ ಸುಮಾರು 122 ಶತಕೋಟಿ. ಅದರಲ್ಲಿ ಡಿಸ್ಟ್ರಿಕ್ಟುಗಳು ತಮ್ಮ ಪಾಲಿನ ಶೇ 20ನ್ನಾದರೂ ತಪ್ಪಿಹೋದ ಕಲಿಕೆಗೆ ಬಳಸಬೇಕಿತ್ತು, ಉಳಿದ ಖರ್ಚಿಗೂ ಅದೇ ಗಡುವು: 2024ರ ಸೆಪ್ಟೆಂಬರ್ 30ರೊಳಗೆ ಹಣ ಇಂಥದ್ದಕ್ಕೆಂದು ಬದ್ಧವಾಗಬೇಕು. ಗಾಳಿಯಾಡುವ ಯಂತ್ರಗಳನ್ನು ಹಾಕಿಸಿದೆವು. ಆಪ್ತಸಮಾಲೋಚಕರನ್ನೂ ಓದು ಕಲಿಸುವವರನ್ನೂ ನೇಮಿಸಿದೆವು. ಮನೆಯವರನ್ನು ಕಳೆದುಕೊಂಡ ಮಕ್ಕಳು ಆ ಸಮಾಲೋಚಕರ ಕೋಣೆಯಲ್ಲಿ ಕೂತು ಮೊದಲ ಸಲ ಅತ್ತದ್ದನ್ನು ಕೇಳಿದ್ದೇನೆ. ಗಡುವಿನ ತಾರೀಖು ನನ್ನ ಕಡತದಲ್ಲಿತ್ತು, ಶಾಲೆಗಳಿಗೆ ಒಂದು ಪತ್ರವನ್ನೂ ಬರೆದಿದ್ದೆ. ಆದರೆ ಅದನ್ನು ತಂದೆತಾಯಂದಿರ ಮುಂದೆ, ಮಂಡಳಿಯ ಮುಂದೆ ಮತ್ತೆ ಮತ್ತೆ ಗಟ್ಟಿಯಾಗಿ ಹೇಳಲಿಲ್ಲ. 2024ರ ವಸಂತದಲ್ಲಿ ನಾಲ್ವರು ಸಮಾಲೋಚಕರನ್ನು ಕಳಿಸಿಕೊಟ್ಟೆವು. ಮುಗಿಯುವ ಹಣದಿಂದ ಒಂದು ಕೆಲಸ ಶುರುಮಾಡುವ ದಿನವೇ, ಮುಗಿದ ಮೇಲೆ ಮಕ್ಕಳಿಗೆ ಏನು ಉಳಿಯುತ್ತದೆ ಎಂದು ಮಾತಾಡಬೇಕಿತ್ತು.

ಈಗ ನಮ್ಮ ಇಂಡೆಂಟಿನಲ್ಲಿ ಒಂದು ಸಾಲು ಸೇರಿಸಿದ್ದೇನೆ: ‘ಈ ಖರ್ಚು ಯಾವ ಮಕ್ಕಳಿಗೆ, ಅವರಿಗೆ ಇದರಿಂದ ಏನಾಗಬೇಕು?’ ಯಾವ ಕಾಯ್ದೆಯೂ ಈ ಸಾಲನ್ನು ಕೇಳುವುದಿಲ್ಲ. ಮೊದಲು ಮುಖ್ಯ ಶಿಕ್ಷಕರಿಗೆ ಇನ್ನೊಂದು ಹೊರೆಯಾಗಿ ಕಂಡಿತು. ಈಗ ಅದನ್ನು ಬರೆಯುವ ಮೊದಲೇ ಫೋನ್ ಮಾಡುತ್ತಾರೆ. ‘ಇಂಥ ಆರು ಮಕ್ಕಳಿದ್ದಾರೆ, ಇವರಿಗೆ ಏನು ಮಾಡಬಹುದು ಹೇಳಿ’ ಎಂದು ಮಾತು ಶುರುವಾಗುತ್ತದೆ, ಹಣದ ವಿಷಯ ಆಮೇಲೆ ಬರುತ್ತದೆ. ಕಳೆದ ತಿಂಗಳು ಬಂದ ಒಂದು ಇಂಡೆಂಟಿನ ಆ ಸಾಲಿನಲ್ಲಿ ಹೀಗಿತ್ತು: ‘ಎರಡನೇ ತರಗತಿಯ ಹುಡುಗ, ಕುಟುಂಬ ಸದ್ಯ ಮೋಟೆಲಿನಲ್ಲಿದೆ, ಬೋರ್ಡು ಕಾಣುವುದಿಲ್ಲ.’ ಅಂದೇ ಸಹಿ ಹಾಕಿ ಕಳಿಸಿದೆ.